ಸವೆಯದ ನಾಣ್ಯ

ನಾಣ್ಯವು ಕೈಯಿಂದ ಕೈಗೆ ಹೋಗುವುದಕ್ಕಾಗಿ ಹುಟ್ಟಿದ ವಸ್ತು. ಅದನ್ನು ಉಣ್ಣುವಂತಿಲ್ಲ, ಉಡುವಂತಿಲ್ಲ. ಅದರ ಗುಣವೆಲ್ಲ ಅದು ನಮ್ಮನ್ನು ಬಿಟ್ಟುಹೋಗುವುದರಲ್ಲಿದೆ. ಹೋಗುವಾಗ ಅಕ್ಕಿಯನ್ನೋ ಬಟ್ಟೆಯನ್ನೋ ನಮಗೆ ಕೊಟ್ಟುಹೋಗುತ್ತದೆ. ಹೀಗೆ ತಿರುಗಿ ತಿರುಗಿ ಸವೆಯುವುದೇ ಅದರ ಧರ್ಮ. ಗಂಧದ ಕೊರಡು ತೇದಷ್ಟೂ ಸಾರ್ಥಕವಾಗುವಂತೆ ನಾಣ್ಯವೂ ಸವೆದಷ್ಟೂ ಸಾರ್ಥಕವಾಯಿತೆಂದು ಹೇಳಬಹುದು. ಆದರೆ ಸವೆಯಬಾರದೆಂಬ ಸಂಕಲ್ಪದಿಂದಲೇ ಟಂಕಿಸಲ್ಪಟ್ಟ ನಾಣ್ಯಗಳೂ ಲೋಕದಲ್ಲುಂಟು. ಅವಕ್ಕೆ ಪ್ರೂಫ್ ನಾಣ್ಯಗಳೆಂದು ಹೆಸರು. ಇಂಥ ಹಳೆಯ ಬೆಳ್ಳಿಯ ನಾಣ್ಯಗಳನ್ನು ಹುಡುಕಿ, ಹೆಚ್ಚಿನ ಬೆಲೆ ಕೊಟ್ಟು ತಂದು, ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ಹವ್ಯಾಸವು ಅನೇಕ ದೇಶಗಳ ವಿದ್ಯಾವಂತರಲ್ಲಿ ಬೇರೂರಿದೆ, ನಮ್ಮವರಲ್ಲಿಯೂ ಇದೆ. ಇದು ನಿರ್ದೋಷವಾದ ವಿನೋದವೆ, ವಿದ್ಯೆಯ ಒಂದು ಅಂಗವೆ, ಅಥವಾ ಲೋಭವೇ ರಸಿಕತೆಯ ಶಾಲು ಹೊದ್ದು ಕುಳಿತಿರುವುದೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಈ ನಾಣ್ಯದ ಸ್ವರೂಪವನ್ನು ತಿಳಿಯಬೇಕು. ಅಚ್ಚುಕೂಟದಲ್ಲಿ ಪುಸ್ತಕವನ್ನು ಮುದ್ರಿಸುವುದಕ್ಕೆ ಮುಂಚೆ ಕರಡಚ್ಚನ್ನು ತೆಗೆದು ತಪ್ಪುಗಳನ್ನು ನೋಡುವರಷ್ಟೆ. ಹಾಗೆಯೇ ಟಂಕಸಾಲೆಯಲ್ಲಿಯೂ ಉಕ್ಕಿನ ಅಚ್ಚನ್ನು ಕೊರೆದ ಬಳಿಕ ಅದರ ಗೆರೆಗಳೆಲ್ಲ ಸರಿಯಾಗಿ ಮೂಡುವುವೇ ಎಂದು ಪರೀಕ್ಷಿಸಲು ಕೆಲವು ನಾಣ್ಯಗಳನ್ನು ಬಹು ಎಚ್ಚರಿಕೆಯಿಂದ ಒತ್ತಿ ನೋಡುತ್ತಿದ್ದರು. ಪ್ರೂಫ್ ಎಂಬ ಹೆಸರು ಬಂದದ್ದು ಹೀಗೆ. ಇದಕ್ಕಾಗಿ ಅಚ್ಚನ್ನೂ ಬೆಳ್ಳಿಯ ಬಿಲ್ಲೆಯನ್ನೂ ಮೊದಲೇ ಉಜ್ಜಿ ನಯಗೊಳಿಸುವರು. ಸಾಮಾನ್ಯ ನಾಣ್ಯಕ್ಕೆ ಒಂದು ಪೆಟ್ಟು ಸಾಕಾದರೆ ಇದಕ್ಕೆ ಎರಡು ಅಥವಾ ಹೆಚ್ಚು ಪೆಟ್ಟುಗಳನ್ನು ಕೊಡುವರು. ಒತ್ತಿದ ಮೇಲೆ ಇತರ ನಾಣ್ಯಗಳ ರಾಶಿಯಲ್ಲಿ ಬೀಳಗೊಡದೆ ಒಂದೊಂದನ್ನೂ ಬೇರೆಯಾಗಿ ಎತ್ತಿಡುವರು. ಇದರ ಫಲವಾಗಿ ನಾಣ್ಯದ ಬಯಲು ಕನ್ನಡಿಯಂತೆ ಹೊಳೆಯುತ್ತದೆ. ಉಬ್ಬುಚಿತ್ರದಲ್ಲಿ ದೊರೆಯ ತಲೆಗೂದಲಿನ ಎಳೆಗಳೂ ಎಣಿಸುವಷ್ಟು ಸ್ಪಷ್ಟವಾಗಿ ನಿಲ್ಲುತ್ತವೆ. ಕಾಲಕ್ರಮದಲ್ಲಿ ಪರೀಕ್ಷೆಯ ಪ್ರಯೋಜನವು ಹಿಂದೆ ಸರಿದು, ಇವನ್ನು ರಾಜರಿಗೆ ಕಾಣಿಕೆಯಾಗಿ ಕೊಡುವುದೂ, ವಸ್ತುಸಂಗ್ರಹಾಲಯಗಳಲ್ಲಿ ಇಡುವುದೂ, ಕೊನೆಗೆ ಸಂಗ್ರಾಹಕರಿಗೆ ಮಾರುವುದೂ ರೂಢಿಗೆ ಬಂದಿತು. ೧೯೨೭ರಲ್ಲಿ ಇಂಗ್ಲೆಂಡಿನ ಟಂಕಸಾಲೆಯವರು ಹೊಸ ಮಾದರಿಯ ಕ್ರೌನ್ ನಾಣ್ಯವನ್ನು ಪ್ರೂಫ್ ರೂಪದಲ್ಲಿ ಮಾತ್ರ ೧೫,೦೩೦ ಪ್ರತಿಗಳಷ್ಟು ಹೊರಡಿಸಿದರು. ಆ ವರ್ಷ ಬಳಕೆಗೆಂದು ಒಂದು ಕ್ರೌನನ್ನೂ ಒತ್ತಲಿಲ್ಲ. ಪರೀಕ್ಷೆಗಾಗಿ ಇದ್ದದ್ದು ತಾನೇ ಗುರಿಯಾಗಿ ನಿಂತಿತು.

ನಾಣ್ಯಗಳಲ್ಲಿ ಎರಡು ಬಗೆಯನ್ನು ಎಣಿಸುವುದು ನಮ್ಮ ಪೂರ್ವಿಕರಿಗೂ ತಿಳಿಯದ ಮಾತಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಯ ಮೇಲ್ವಿಚಾರಕನಾದ ಲಕ್ಷಣಾಧ್ಯಕ್ಷನನ್ನೂ ನಾಣ್ಯಗಳನ್ನು ಪರೀಕ್ಷಿಸುವ ರೂಪದರ್ಶಕನನ್ನೂ ಹೇಳಿದ್ದಾನೆ. ವ್ಯವಹಾರಕ್ಕೆ ಸಲ್ಲುವ ನಾಣ್ಯ, ಬೊಕ್ಕಸಕ್ಕೆ ಸೇರಲು ತಕ್ಕ ನಾಣ್ಯ ಎಂಬ ವಿಭಾಗವನ್ನೂ ಸೂಚಿಸಿದ್ದಾನೆ. ಆದರೆ ಬೊಕ್ಕಸವನ್ನು ಸೇರಿದ ಹಣವು ಮತ್ತೆ ಸೈನ್ಯಕ್ಕೋ ಕೆರೆಕಟ್ಟೆಗೋ ಹೊರಡುವುದೆಂಬ ನಂಬಿಕೆಯುಂಟು. ಪ್ರೂಫ್ ನಾಣ್ಯವಾದರೋ ಎಂದಿಗೂ ಹೊರಡತಕ್ಕದ್ದಲ್ಲ. ಅದರ ಮೇಲೆ ಒಂದು ರೂಪಾಯಿ ಎಂದು ಬರೆದಿದೆ. ಆದರೆ ಯಾವ ಅಂಗಡಿಯಲ್ಲಿಯೂ ಅದು ಒಂದು ರೂಪಾಯಿಯ ಕೆಲಸವನ್ನು ಮಾಡಲಿಲ್ಲ, ಮಾಡುವುದೂ ಇಲ್ಲ.

ನಮ್ಮ ದೇಶದ ಬೆಳ್ಳಿ ರೂಪಾಯಿಯನ್ನೇ ನೋಡೋಣ. ೧೮೩೫ರ ಕಾಯಿದೆಯ ಪ್ರಕಾರ ಬ್ರಿಟಿಷರ ಆಳ್ವಿಕೆಯ ಪ್ರಾಂತಗಳಿಗೆಲ್ಲ ಒಂದೇ ರೂಪಾಯಿ ಏರ್ಪಟ್ಟಿತು. ತೂಕ ೧೮೦ ಗ್ರೇನ್, ಎಂದರೆ ಒಂದು ತೊಲ. ಅದರಲ್ಲಿ ೧೬೫ ಗ್ರೇನ್ ಶುದ್ಧ ಬೆಳ್ಳಿ. ಈ ಪ್ರಮಾಣವು ನೂರು ವರ್ಷಗಳಿಗೂ ಹೆಚ್ಚು ಕಾಲ ಕೆಡದೆ ನಿಂತಿತು. ಅಕ್ಕಸಾಲಿಗನು ಆ ರೂಪಾಯಿಯನ್ನೇ ತೂಕದ ಬಟ್ಟಾಗಿ ಇಟ್ಟುಕೊಳ್ಳಬಹುದಾಗಿತ್ತು. ೧೯೪೦ರಲ್ಲಿ ಯುದ್ಧದ ಒತ್ತಡದಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ೧೯೪೭ರಲ್ಲಿ ಬೆಳ್ಳಿಯೇ ಹೋಗಿ ನಿಕ್ಕಲ್ ಬಂದಿತು. ಹಳೆಯ ರೂಪಾಯಿಗಳನ್ನು ಸರ್ಕಾರವು ಹಿಂದಕ್ಕೆ ತೆಗೆದುಕೊಂಡಿತು. ಜನರ ಬಳಿ ಉಳಿದವುಗಳಲ್ಲಿ ಎಷ್ಟೋ ಕರಗಿ ಕಾಲುಂಗುರವಾದವು, ಉಡಿದಾರವಾದವು, ಕುಂಕುಮದ ಬಟ್ಟಲಾದವು. ಈಗ ಮನೆಗಳಲ್ಲಿ ಉಳಿದಿರುವವು ಲಕ್ಷ್ಮೀಪೂಜೆಯ ದಿನ ಕಳಶದ ಬಳಿ ಕಾಣಿಸಿಕೊಳ್ಳುವ ಒಂದೆರಡು ಮಾತ್ರ. ಅವುಗಳ ಮೇಲಿನ ಮುಖವು ಬೆರಳುಗಳ ಉಜ್ಜುವಿಕೆಯಿಂದ ಮಾಸಿರುತ್ತದೆ. ಅದೇ ರೂಪಾಯಿಯ ಪ್ರೂಫ್ ಪ್ರತಿಯು ಟಂಕಸಾಲೆಯಿಂದ ಬಂದ ದಿನ ಹೇಗಿತ್ತೋ ಇಂದಿಗೂ ಬಹುಮಟ್ಟಿಗೆ ಹಾಗೆಯೇ ಇರುವುದು. ಇವೆರಡರಲ್ಲಿ ನಿಜವಾದ ರೂಪಾಯಿ ಯಾವುದು?

ಪೂರ್ವಪಕ್ಷದವರ ವಾದ ಹೀಗಿದೆ. ನಾಣ್ಯವನ್ನು ಬಳಕೆಯಿಂದ ಬಿಡಿಸಿ ಕೂಡಿಡುವುದು ಲೋಭಿಯ ಲಕ್ಷಣ. ಲೋಭಿಯು ಮಡಕೆಯಲ್ಲಿ ಹೂಳುತ್ತಾನೆ, ಸಂಗ್ರಾಹಕನು ಮಖಮಲ್ಲಿನ ಮೇಲೆ ಇಡುತ್ತಾನೆ. ಭೇದವು ಪಾತ್ರೆಯಲ್ಲಿ ಮಾತ್ರ. ೧೯೭೦ರಲ್ಲಿ ನಮ್ಮ ಸರ್ಕಾರವು ಲೋಕದ ಆಹಾರ ಸಂಸ್ಥೆಯ ಹೆಸರಿನಲ್ಲಿ ಹತ್ತು ರೂಪಾಯಿಯ ಬೆಳ್ಳಿಯ ನಾಣ್ಯವನ್ನು ಹೊರಡಿಸಿತು. ಎಲ್ಲರಿಗೂ ಅನ್ನ ಎಂಬುದು ಅದರ ಮೇಲಿನ ಘೋಷಣೆ. ಅದರ ಪ್ರೂಫ್ ಪ್ರತಿಗಳೂ ಸಂಗ್ರಾಹಕರಿಗಾಗಿ ತಯಾರಾದವು. ಎಲ್ಲರಿಗೂ ಅನ್ನವೆಂದು ಸಾರುವ ಆ ನಾಣ್ಯವು ಒಬ್ಬರಿಗಾದರೂ ಒಂದು ತುತ್ತು ಅನ್ನವನ್ನು ಕೊಂಡುತರಲಾರದೆ ಪೆಟ್ಟಿಗೆಯಲ್ಲಿ ಮಲಗಿರುವುದಕ್ಕಿಂತ ವಿಪರೀತವುಂಟೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆ ಚುಚ್ಚುವಂಥದು, ನಕ್ಕು ತಳ್ಳಿಬಿಡತಕ್ಕದ್ದಲ್ಲ.

ಆದರೂ ಸ್ವಲ್ಪ ಪರ್ಯಾಲೋಚಿಸಿದರೆ ಲೋಭಿಗೂ ಸಂಗ್ರಾಹಕನಿಗೂ ಮೂಲದಲ್ಲಿಯೇ ಒಂದು ಭೇದ ಕಾಣುವುದು. ಲೋಭಿಗೆ ಒಂದು ರೂಪಾಯಿಯೂ ಇನ್ನೊಂದು ರೂಪಾಯಿಯೂ ಒಂದೇ. ಅವನು ಎಣಿಸುತ್ತಾನೆಯೇ ಹೊರತು ನೋಡುವುದಿಲ್ಲ. ಅವನ ಹತ್ತು ರೂಪಾಯಿಗಳನ್ನು ತೆಗೆದು ಬೇರೆ ಹತ್ತನ್ನು ಇಟ್ಟರೆ ಅವನಿಗೆ ನಷ್ಟವಿಲ್ಲ, ಗೊತ್ತಾಗುವುದೂ ಇಲ್ಲ. ಸಂಗ್ರಾಹಕನು ಮೊದಲು ನೋಡುತ್ತಾನೆ. ಈ ಮುಖವನ್ನು ಕೊರೆದವನು ವಿಲಿಯಂ ವೈಯನ್ ಎಂಬ ಕುಶಲಿ, ಈ ಅಕ್ಷರಗಳ ಮೋಡಿ ಆ ಕಾಲದ್ದು, ಈ ಚಿಕ್ಕ ಗುರುತು ಮುಂಬಯಿಯದೋ ಕಲ್ಕತ್ತೆಯದೋ ಎಂದು ವಿಚಾರಿಸುತ್ತಾನೆ. ಅವನ ಪ್ರೀತಿಯು ಈ ಒಂದು ವಸ್ತುವಿನ ಮೇಲಿದೆ. ಒಂದನ್ನು ಒಂದಾಗಿ ಕಾಣುವ ಈ ದೃಷ್ಟಿಯು ಲೋಭದಲ್ಲಿ ಹುಟ್ಟುವಂಥದಲ್ಲ.

ಈ ನೋಟದಿಂದ ವಿದ್ಯೆಗೆ ಲಾಭವೂ ಉಂಟು. ೧೯೧೧ರಲ್ಲಿ ಐದನೆಯ ಜಾರ್ಜ್ ದೊರೆಯ ಹೊಸ ರೂಪಾಯಿ ಬಂದಾಗ ಅವನ ಉಡುಪಿನ ಮೇಲಿನ ಆನೆಯ ಚಿತ್ರವು ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಮುಸಲ್ಮಾನರಿಗೆ ಇದು ಬಹಳ ಅಸಮಾಧಾನವನ್ನುಂಟುಮಾಡಿತು. ಒತ್ತಿದ್ದ ಸುಮಾರು ೯೪ ಲಕ್ಷ ರೂಪಾಯಿಗಳಲ್ಲಿ ಹೊರಗೆ ಹೋದದ್ದು ೭ ಲಕ್ಷದಷ್ಟು ಮಾತ್ರ. ಉಳಿದವನ್ನು ತಡೆದು ಕರಗಿಸಿದರು. ೧೯೧೨ರ ರೂಪಾಯಿಯಲ್ಲಿ ಆನೆಯನ್ನು ತಿದ್ದಿ ಸೊಂಡಿಲನ್ನು ಸ್ಪಷ್ಟಪಡಿಸಿದರು. ಅಂಗೈಯಗಲವೂ ಇಲ್ಲದ ಬಿಲ್ಲೆಯ ಮೇಲೆ ಅಕ್ಕಿಕಾಳಿನಷ್ಟು ಚಿತ್ರವೊಂದು ಒಂದು ಸಾಮ್ರಾಜ್ಯದ ಬೊಕ್ಕಸವನ್ನು ಕದಲಿಸಿದ ಕಥೆ ಇದು. ಸವೆದ ರೂಪಾಯಿಯಲ್ಲಿ ಆ ಆನೆ ಒಂದು ಗುಬುಟು ಮಾತ್ರ. ಜನರ ದೂರು ನ್ಯಾಯವಾದುದೇ, ಕೊರೆದವನ ಕೈ ತಪ್ಪಿತೇ ಎಂದು ತೀರ್ಮಾನಿಸಬೇಕಾದರೆ ಸವೆಯದ ಪ್ರತಿಯೇ ಬೇಕು. ಸವೆದ ನಾಣ್ಯವು ಜನರು ಹೇಗೆ ಬಾಳಿದರೆಂಬುದಕ್ಕೆ ಸಾಕ್ಷಿ. ಸವೆಯದ ನಾಣ್ಯವು ಮಾಡಿದವನ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಸಾಕ್ಷಿ. ಮೇಲೆ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಎರಡೂ ನಿಜವಾದ ರೂಪಾಯಿಗಳೇ. ಆದರೆ ಒಂದರ ಸಾಕ್ಷ್ಯವನ್ನು ಇನ್ನೊಂದು ಹೇಳಲಾರದು. ಊರಿನ ನಾಣ್ಯಗಳೆಲ್ಲ ಸವೆಯಲಿ. ಕೆಲವಾದರೂ ಸವೆಯದೆ ಉಳಿಯಲಿ ಎಂದು ಬಯಸುವುದು ತಪ್ಪಲ್ಲ.

ಇಷ್ಟಕ್ಕೇ ಸಂಗ್ರಾಹಕನು ಗೆದ್ದೆನೆಂದು ತಿಳಿಯಬಾರದು. ಅವನ ಸಂತೋಷದಲ್ಲಿ ಇನ್ನೊಂದು ಅಂಶವುಂಟು. ಅದನ್ನು ಅವನು ಬಾಯಿಬಿಟ್ಟು ಹೇಳುವುದು ಕಡಮೆ. ತನ್ನಲ್ಲಿರುವುದು ಇತರರಲ್ಲಿ ಇಲ್ಲವೆಂಬುದೇ ಆ ಅಂಶ. ನಾಣ್ಯವು ಸುಂದರವಾಗಿರುವುದರಿಂದ ಬರುವ ಸುಖ ಒಂದು. ಅದು ವಿರಳವಾಗಿರುವುದರಿಂದ ಬರುವ ಸುಖ ಇನ್ನೊಂದು. ಇವೆರಡೂ ಹಾಲುನೀರಿನಂತೆ ಕಲಸಿಹೋಗಿರುತ್ತವೆ. ಇವನ್ನು ಬೇರ್ಪಡಿಸಲು ಒಂದು ಪರೀಕ್ಷೆಯನ್ನು ಸೂಚಿಸಬಹುದು. ತನ್ನಲ್ಲಿರುವಂಥ ನಾಣ್ಯಗಳು ಇನ್ನೂ ಸಾವಿರ ದೊರೆತುವೆಂಬ ಸುದ್ದಿ ನಾಳೆ ಬೆಳಗ್ಗೆ ಬಂದರೆ ಸಂಗ್ರಾಹಕನ ಮುಖ ಅರಳುವುದೋ ಬಾಡುವುದೋ? ಇಂಥ ಸುದ್ದಿ ನಿಜವಾಗಿ ಬಂದದ್ದೂ ಉಂಟು. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ೧೯೦೩ರ ಬೆಳ್ಳಿಯ ಡಾಲರು ಬಳಕೆಗೆ ಬೀಳದ ಸ್ಥಿತಿಯಲ್ಲಿ ಅತ್ಯಂತ ದುರ್ಲಭವೆಂದು ಹೆಸರಾಗಿ, ಬೆಲೆಪಟ್ಟಿಯಲ್ಲಿ ೧,೫೦೦ ಡಾಲರಿಗೆ ಏರಿತ್ತು. ೧೯೬೨ರಲ್ಲಿ ಅಮೆರಿಕದ ಖಜಾನೆಯಿಂದ ಹೊರಬಿದ್ದ ಚೀಲಗಳಲ್ಲಿ ಅವು ರಾಶಿರಾಶಿಯಾಗಿ ಕಂಡುವು, ಬೆಲೆ ನೆಲಕ್ಕಿಳಿಯಿತು. ಆದರೆ ಅದೇ ನಾಣ್ಯ, ಅದೇ ಬೆಳ್ಳಿ, ಅದೇ ಮುಖ! ಹಿಂದಿನ ದಿನ ಅದನ್ನು ನೋಡಿ ಹಿಗ್ಗಿದವನು ಮಾರನೆಯ ದಿನ ಕುಗ್ಗಿದರೆ ಅವನು ಪ್ರೀತಿಸುತ್ತಿದ್ದುದು ನಾಣ್ಯವನ್ನಲ್ಲ, ನೆರೆಯವನ ಬರಿಗೈಯನ್ನು.

ವಿರಳತೆಯು ಗುಣವೆಂಬುದೂ ಭ್ರಮೆಯೇ. ಅದು ಬಹುಸಲ ಇತರರ ಕಷ್ಟದಿಂದ ಹುಟ್ಟಿದ್ದು. ೧೯೧೮ರಲ್ಲಿ ನಮ್ಮ ದೇಶದಲ್ಲಿ ನೋಟುಗಳಿಗೆ ಬದಲಾಗಿ ಬೆಳ್ಳಿಯ ರೂಪಾಯಿಗಳನ್ನು ಜನರು ಕೇಳತೊಡಗಿದರು; ಬೊಕ್ಕಸದ ಬೆಳ್ಳಿ ಬತ್ತುತ್ತ ಬಂದಿತು. ಆಗ ಅಮೆರಿಕದವರು ಪಿಟ್‌ಮನ್ ಕಾಯಿದೆಯನ್ನು ಮಾಡಿ ೨೭ ಕೋಟಿಗೆ ಮೇಲ್ಪಟ್ಟು ಬೆಳ್ಳಿಯ ಡಾಲರುಗಳನ್ನು ಕರಗಿಸಿದರು. ಅದರಲ್ಲಿ ಸುಮಾರು ೨೫ ಕೋಟಿ ೯೧ ಲಕ್ಷ ಡಾಲರುಗಳ ಬೆಳ್ಳಿಯು ಬ್ರಿಟನ್ನಿನ ಮೂಲಕ ಹಿಂದೂದೇಶಕ್ಕೆಂದು ಮಾರಲ್ಪಟ್ಟಿತು. ಯಾವ ವರ್ಷದ ಡಾಲರು ಎಷ್ಟು ಕರಗಿತೆಂಬ ಲೆಕ್ಕವನ್ನು ಇಡಲಿಲ್ಲ. ನಮ್ಮ ಸಂತೆಗಳಲ್ಲಿ ತಿರುಗಿದ ರೂಪಾಯಿಯೊಳಗೆ ಸಮುದ್ರದಾಚೆಯ ಡಾಲರು ಕರಗಿಹೋಗಿತ್ತು. ಅಲ್ಲಿ ಉಳಿದ ಡಾಲರು ಅದರಿಂದಲೇ ವಿರಳವಾಯಿತು. ಇಂಥ ವಿರಳತೆಯಲ್ಲಿ ಒಡೆಯನು ಹೆಮ್ಮೆಪಡಬೇಕಾದ ಪುರುಷಾರ್ಥವೇನಿದೆ? ಪ್ರವಾಹದಲ್ಲಿ ಊರು ಕೊಚ್ಚಿಹೋಗಿ ತನ್ನ ಮನೆಯೊಂದು ಉಳಿದರೆ ಬುದ್ಧಿವಂತನು ಜಂಬಪಡುವುದಿಲ್ಲ. ಆ ಮನೆಯನ್ನು ಹೆಚ್ಚು ಎಚ್ಚರದಿಂದ ನೋಡಿಕೊಳ್ಳುತ್ತಾನೆ. ವಿರಳತೆಯು ಹೆಮ್ಮೆಗೆ ಕಾರಣವಲ್ಲ, ಹೊಣೆಗೆ ಕಾರಣ.

ವಿರಳತೆಯ ಮೋಹವು ಸತ್ಯವನ್ನೂ ಕೆಡಿಸಬಲ್ಲದು. ಅಮೆರಿಕದ ೧೮೦೪ರ ಡಾಲರಿನ ಚರಿತ್ರೆ ಇದಕ್ಕೆ ನಿದರ್ಶನ. ಆ ವರ್ಷ ಒತ್ತಿದ ಡಾಲರುಗಳೆಲ್ಲ ಹಿಂದಿನ ವರ್ಷದ ಅಚ್ಚಿನವು. ೧೮೩೪ರಲ್ಲಿ ಮಸ್ಕತ್ತಿನ ಸುಲ್ತಾನನಿಗೂ ಸಯಾಮಿನ ದೊರೆಗೂ ಕಾಣಿಕೆ ಕಳುಹಿಸಬೇಕಾಗಿ ಬಂದಾಗ ೧೮೦೪ ಎಂಬ ಅಂಕೆಯುಳ್ಳ ಡಾಲರನ್ನು ಪ್ರೂಫ್ ರೂಪದಲ್ಲಿ ಹೊಸದಾಗಿ ಮಾಡಿದರು. ಅಂಥವು ಎಂಟು ಉಳಿದಿವೆ. ಇದರಲ್ಲಿ ವಂಚನೆಯ ಉದ್ದೇಶವಿದ್ದಿರಲಾರದು. ಆದರೆ ಸಂಗ್ರಾಹಕರು ಇದಕ್ಕಾಗಿ ಹಂಬಲಿಸತೊಡಗಿದ ಮೇಲೆ, ೧೮೫೮ರ ಸುಮಾರಿನಿಂದ, ಟಂಕಸಾಲೆಯ ನೌಕರರೇ ಗುಟ್ಟಾಗಿ ಇನ್ನೂ ಕೆಲವನ್ನು ಒತ್ತಿದರು. ಅವುಗಳಲ್ಲಿ ಕೆಲವು ಇಂದಿಗೂ ತಿಳಿದಿವೆ. ಹೀಗೆ ಇವೆಲ್ಲವುಗಳಲ್ಲಿ ಒಂದಾದರೂ ತನ್ನ ಮೇಲೆ ಬರೆದ ವರ್ಷದಲ್ಲಿ ಹುಟ್ಟಿದ್ದಲ್ಲ. ಆದರೂ ಅವನ್ನು ಕೊಳ್ಳುವವರ ಹಂಬಲ ತಗ್ಗಲಿಲ್ಲ. ೨೦೨೧ರಲ್ಲಿ ಮಸ್ಕತ್ತಿನ ಸುಲ್ತಾನನದೆಂದು ಹೆಸರಾದ ಪ್ರತಿಯು ೭೬ ಲಕ್ಷ ೮೦ ಸಾವಿರ ಡಾಲರಿಗೆ ಹರಾಜಾಯಿತು.

ನಮ್ಮ ಮುಂಬಯಿ ಕಲ್ಕತ್ತೆಯ ಟಂಕಸಾಲೆಗಳಲ್ಲಿಯೂ ಹಳೆಯ ಅಚ್ಚುಗಳಿಂದ ಸಂಗ್ರಾಹಕರಿಗಾಗಿ ಪ್ರೂಫ್ ರೂಪಾಯಿಗಳನ್ನು ಮರುಟಂಕಿಸಿ ಕೊಡುವ ಪದ್ಧತಿ ಬಹುಕಾಲ ನಡೆದಿತ್ತು. ಆ ಮರುಟಂಕದಲ್ಲಿ ದೋಷವಿಲ್ಲ. ಅದನ್ನು ಮೊದಲ ಕಾಲದ್ದೆಂದು ಮಾರುವುದರಲ್ಲಿ ದೋಷ. ಬಾಯಿಂದ ಸುಳ್ಳು ಹೇಳದಿದ್ದರೂ ಕೊಳ್ಳುವವನ ಭ್ರಮೆಯನ್ನು ಕಂಡು ಮೌನವಾಗಿರುವುದು ಸುಳ್ಳೇ. ಸಂಗ್ರಹವು ವಿದ್ಯೆಯೆಂದು ಹೇಳಿಕೊಳ್ಳುವವನಿಗೆ ಈ ಮೌನಕ್ಕೆ ಅಧಿಕಾರವಿಲ್ಲ. ಸುಳ್ಳು ವಂಶಾವಳಿಯನ್ನು ಹೊತ್ತ ನಾಣ್ಯವು ವಿದ್ಯೆಗೆ ಉಪಕಾರವನ್ನು ಮಾಡದೆ ಅಪಕಾರವನ್ನು ಮಾಡುವುದು.

ಇನ್ನು ಒಡೆತನದ ವಿಚಾರ. ಗಾಳಿಯಲ್ಲಿನ ಗಂಧಕದ ಅಂಶವು ತಗಲಿ ಬೆಳ್ಳಿ ಕಪ್ಪಾಗುವುದು. ನಮ್ಮ ಮನೆಯ ಹೆಂಗಸರು ಹಬ್ಬದ ಹಿಂದಿನ ದಿನ ಬೆಳ್ಳಿಯ ಪಾತ್ರೆಗಳನ್ನು ಹುಣಸೆಹಣ್ಣಿನಿಂದಲೋ ವಿಭೂತಿಯಿಂದಲೋ ಬೆಳಗುವರು; ಅದು ಸರಿಯೇ. ಆದರೆ ಪ್ರೂಫ್ ನಾಣ್ಯವನ್ನು ಒಮ್ಮೆ ಹಾಗೆ ತಿಕ್ಕಿದರೆ ಅದರ ಕನ್ನಡಿ ಶಾಶ್ವತವಾಗಿ ಗೀರಿಹೋಗುವುದು. ಬೆರಳಿನ ಬೆವರು ತಗಲಿದರೂ ಗುರುತು ಉಳಿಯುವುದು. ಆದಕಾರಣ ಅದನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕೊಂಡವನು ಖರ್ಚುಮಾಡುವಂತಿಲ್ಲ, ಬೆಳಗುವಂತಿಲ್ಲ, ನೆಮ್ಮದಿಯಾಗಿ ಮುಟ್ಟುವಂತೆಯೂ ಇಲ್ಲ. ಹಾಗಾದರೆ ಅವನು ಯಾವ ಅರ್ಥದಲ್ಲಿ ಒಡೆಯ? ಇಟ್ಟುಕೊಳ್ಳುವುದು, ನೋಡುವುದು, ಮುಂದಿನವನಿಗೆ ಒಪ್ಪಿಸುವುದು, ಇಷ್ಟೇ ಅವನ ಹಕ್ಕು. ಇದು ಒಡೆಯನ ಲಕ್ಷಣವಲ್ಲ. ಪರರು ನಂಬಿ ಇಟ್ಟ ನಿಕ್ಷೇಪವನ್ನು ಕಾಯುವವನ ಲಕ್ಷಣ. ಈ ನಾಣ್ಯದ ಮುಂದೆ ಮನುಷ್ಯನ ಆಯುಸ್ಸು ಬಹು ಚಿಕ್ಕದು. ನೂರೆಂಬತ್ತು ವರ್ಷ ಬಾಳಿದ ರೂಪಾಯಿಯನ್ನು ಮೂವತ್ತು ವರ್ಷ ಇಟ್ಟುಕೊಂಡವನು ಅದರ ಅತಿಥೇಯನೇ ಹೊರತು ಸ್ವಾಮಿಯಲ್ಲ.

ಈ ದೃಷ್ಟಿಯಿಂದ ನೋಡಿದರೆ ಸಂಗ್ರಾಹಕನ ಕರ್ತವ್ಯಗಳು ತಾವಾಗಿ ಗೋಚರಿಸುವುವು. ಮೊದಲನೆಯದು ಋಣ. ಹೆಂಡತಿಮಕ್ಕಳಿಗೂ ಆಳುಕಾಳುಗಳಿಗೂ ಸಾಲಗಾರರಿಗೂ ಸಲ್ಲತಕ್ಕದ್ದು ಸಂದ ಮೇಲೆ ಮಾತ್ರ ನಾಣ್ಯ. ಕೊಂಡ ಬೆಲೆಯನ್ನು ಮನೆಯಲ್ಲಿ ನಿಸ್ಸಂಕೋಚವಾಗಿ ಹೇಳಬಲ್ಲನೇ ಎಂಬುದು ಇದಕ್ಕೆ ಸುಲಭವಾದ ಒರೆಗಲ್ಲು. ಅರ್ಧ ಬೆಲೆಯನ್ನು ಹೇಳಬೇಕಾಗಿ ಬಂದರೆ ಉಳಿದರ್ಧವು ಯಾರದೋ ಪಾಲೆಂದು ತಿಳಿಯತಕ್ಕದ್ದು. ಅನ್ನದ ಪ್ರಶ್ನೆಗೂ ಇಲ್ಲಿಯೇ ಉತ್ತರ. ಹಸಿದವರಿರುವ ಲೋಕದಲ್ಲಿ ನಾಣ್ಯವನ್ನು ಕೊಳ್ಳಬಾರದೆಂದರೆ ವೀಣೆಯನ್ನೂ ಪುಸ್ತಕವನ್ನೂ ಕೊಳ್ಳಬಾರದೆಂದಾಗುವುದು. ಅಷ್ಟು ದೂರ ಯಾರೂ ಹೋಗುವುದಿಲ್ಲ. ಆದರೆ ಎಲ್ಲರಿಗೂ ಅನ್ನವೆಂಬ ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟವನ ಬಾಗಿಲಿನಿಂದ ಹಸಿದವನು ಬರಿಗೈಯಲ್ಲಿ ಹಿಂದಿರುಗಿದರೆ ಪೂರ್ವಪಕ್ಷದವರ ಮಾತು ಅವನ ವಿಷಯದಲ್ಲಿ ಗೆದ್ದಿತು.

ಎರಡನೆಯದು ಸತ್ಯ. ಮರುಟಂಕವನ್ನು ಮರುಟಂಕವೆಂದೂ, ತಿಕ್ಕಿದ್ದನ್ನು ತಿಕ್ಕಿದ್ದೆಂದೂ ಬರೆದಿಡಬೇಕು. ತಾನು ಸತ್ತ ಮೇಲೆ ಮಕ್ಕಳು ಮೋಸಹೋಗದಂತೆಯೂ, ಮೋಸಮಾಡದಂತೆಯೂ ಆ ಬರಹವೇ ಕಾಯುವುದು. ಮೂರನೆಯದು ದರ್ಶನ. ಯಾರೂ ನೋಡದ ಸಾಕ್ಷಿ ಸಾಕ್ಷಿಯಲ್ಲ. ಸವೆಯದ ನಾಣ್ಯವನ್ನು ಉಳಿಸಿದ್ದಕ್ಕೆ ವಿದ್ಯೆಯೇ ಸಮರ್ಥನೆಯಾದರೆ, ಕಲಿಯುವ ಹುಡುಗನಿಗೂ ಬರೆಯುವ ವಿದ್ವಾಂಸನಿಗೂ ಅದನ್ನು ತೋರಿಸದವನು ತನ್ನ ಸಮರ್ಥನೆಯನ್ನು ತಾನೇ ಕಳೆದುಕೊಂಡನು. ಬೀಗದ ಕೈಯನ್ನು ತಿರುಗಿಸಲು ಬೇಸರಪಡುವ ಸಂಗ್ರಾಹಕನಿಗೂ ಮಡಕೆಯನ್ನು ಹೂತ ಲೋಭಿಗೂ ಆಗ ಭೇದವುಳಿಯುವುದಿಲ್ಲ.

ನಾಣ್ಯದ ಧರ್ಮವು ಸಂಚಾರವೆಂದು ಮೊದಲು ಹೇಳಿದೆವು. ಪ್ರೂಫ್ ನಾಣ್ಯಕ್ಕೆ ಅಂಗಡಿಯ ಸಂಚಾರವು ನಿಷಿದ್ಧವಾಗಿರಬಹುದು. ಆದರೆ ಕಣ್ಣಿನಿಂದ ಕಣ್ಣಿಗೆ, ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಸಂಚರಿಸುವುದು ಅದಕ್ಕೆ ನಿಷಿದ್ಧವಲ್ಲ. ಸಾಮಾನ್ಯ ರೂಪಾಯಿ ಕೊಟ್ಟವನ ಕೈಯನ್ನು ಬರಿದುಮಾಡಿ ಪಡೆದವನ ಕೈಯನ್ನು ತುಂಬುತ್ತದೆ. ಇದಾದರೋ ತೋರಿಸಿದವನಲ್ಲಿಯೂ ಉಳಿದು ನೋಡಿದವನಿಗೂ ದೊರೆಯುತ್ತದೆ. ಇಂಥ ವ್ಯಾಪಾರವನ್ನು ನಡೆಸುವವನ ಸಂಗ್ರಹವು ಧರ್ಮಕ್ಕೆ ವಿರುದ್ಧವೆಂದು ಹೇಳಲು ನಮಗೆ ಕಾರಣವು ತೋರುವುದಿಲ್ಲ. ನಡೆಸದವನ ಬೆಳ್ಳಿಯು ಎಷ್ಟೇ ಹೊಳೆದರೂ ಅದು ಹೂತಿಟ್ಟ ಬೆಳ್ಳಿಯೇ ಸರಿ.